ಆ ಪುಟ್ಟ ಬಾಟಲಿ ಎಲ್ಲಿಗೆ ಹೋಗುತ್ತದೆ?

ಹೋದ ಸಲ ರಕ್ತ ಪರೀಕ್ಷೆಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಯಾಪ್ಸಿಯ ಬಗ್ಗೆಯೇ ಇದ್ದವು. ಆಶ್ಚರ್ಯವೇನಿಲ್ಲ. ರಕ್ತ ಕೊಡುವಾಗ ಯಾರೂ ಅಷ್ಟು ಹೆದರುವುದಿಲ್ಲ, 'ತುಂಡು ತೆಗೆದು ಕಳಿಸಬೇಕು' ಅಂದ ಕೂಡಲೇ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಪೆಥಾಲಜಿಸ್ಟ್, ಅಂದರೆ ಆ ತುಂಡನ್ನು ನೋಡುವವಳು. ನೀವು ನನ್ನನ್ನು ನೋಡಿರುವುದಿಲ್ಲ, ನಾನೂ ನಿಮ್ಮ ಮುಖ ನೋಡಿರುವುದಿಲ್ಲ, ಆದರೆ ನಿಮ್ಮ ಥೈರಾಯ್ಡೋ ಗರ್ಭಕೋಶವೋ ನನ್ನ ಮೇಜಿನ ಮೇಲೆ ಬಂದು ಹೋಗಿರಬಹುದು. ಹೆಸರು ಹಾಕಬೇಡಿ ಅಂತ ಎಲ್ಲರೂ ಬರೆದಿದ್ದೀರಿ. ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಯ ಎದೆಯಲ್ಲಿ ಗಂಟು ಇತ್ತು. ಸೋಮವಾರ ಬಯಾಪ್ಸಿ ಮಾಡಿದರು. ರಿಪೋರ್ಟಿಗೆ ಒಂದು ವಾರ ಅಂದರು, ಈಗ ಇನ್ನೂ ನಾಲ್ಕು ದಿನ ಬೇಕು ಅನ್ನುತ್ತಿದ್ದಾರೆ. ಶುಗರ್ ರಿಪೋರ್ಟ್ ಸಂಜೆಗೇ ಬರುತ್ತದಲ್ಲ? ಏನಾದರೂ ಮುಚ್ಚಿಡುತ್ತಿದ್ದಾರಾ ಡಾಕ್ಟ್ರೇ? – ಶಿರಸಿ

ಮುಚ್ಚಿಡುತ್ತಿಲ್ಲ. ರಕ್ತವನ್ನು ಮೆಷಿನ್‌ಗೆ ಕೊಟ್ಟರೆ ಅದೇ ಎಣಿಸಿ, ಅಳೆದು, ಸಂಖ್ಯೆ ಹೇಳಿಬಿಡುತ್ತದೆ. ತುಂಡಿನ ಪರೀಕ್ಷೆ ಹಾಗಲ್ಲ. ಅದು ಅರ್ಧ ಅಡುಗೆ, ಅರ್ಧ ಓದು.

ಮೈಯಿಂದ ಹೊರಗೆ ಬಂದ ಕ್ಷಣದಿಂದಲೇ ತುಂಡು ಕೆಡೋಕೆ ಶುರುವಾಗುತ್ತದೆ. ರಕ್ತ ನಿಂತ ಮೇಲೆ ಜೀವಕೋಶಗಳು ತಮ್ಮನ್ನು ತಾವೇ ಅರಗಿಸಿಕೊಳ್ಳುತ್ತವೆ. ಅದನ್ನು ತಡೆಯುವುದಕ್ಕೇ ಫಾರ್ಮಲಿನ್. ಮೂಗಿಗೆ ಬಡಿಯುವ, ಕಣ್ಣಲ್ಲಿ ನೀರು ತರಿಸುವ ಆ ದ್ರವ ನಮ್ಮ ಕಸುಬಿಗೆ ಬಂದದ್ದೂ ಆಕಸ್ಮಿಕವಾಗಿ. 1893ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫರ್ಡಿನಾಂಡ್ ಬ್ಲೂಮ್ ಅನ್ನುವ ವೈದ್ಯ ಇದು ರೋಗಾಣುಗಳನ್ನು ಕೊಲ್ಲುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದಾಗ ಅವನ ಬೆರಳ ತುದಿಯ ಚರ್ಮವೇ ಗಟ್ಟಿಯಾಯಿತು. ಚರ್ಮ ಗಟ್ಟಿಯಾದರೆ ತುಂಡೂ ಗಟ್ಟಿಯಾಗಬೇಕಲ್ಲ ಅಂತ ಹೊಳೆಯಿತು. ಇವತ್ತಿಗೂ ನಮಗೆ ಅದೇ ಗತಿ. ಎದೆಯ ಬಯಾಪ್ಸಿ ಅಂದರೆ ಕನಿಷ್ಠ 6 ಗಂಟೆ ಅದರಲ್ಲಿ ನೆನೆಯಬೇಕು, 72 ಗಂಟೆ ಮೀರಬಾರದು. ನೆನೆದದ್ದು ಸಾಲದಿದ್ದರೂ ಜಾಸ್ತಿಯಾದರೂ ಆಮೇಲಿನ ಪರೀಕ್ಷೆ ದಾರಿ ತಪ್ಪುತ್ತದೆ.

ಆಮೇಲೆ ಅದನ್ನು ಮೇಣದಲ್ಲಿ ಕೂರಿಸಬೇಕು. ಮೆತ್ತಗಿನ ತುಂಡನ್ನು ತೆಳ್ಳಗೆ ಕೊಯ್ಯೋಕಾಗಲ್ಲ. ಆದರೆ ನೀರಿಗೂ ಮೇಣಕ್ಕೂ ಆಗಿಬರುವುದಿಲ್ಲ. ಅದಕ್ಕೆ ರಾತ್ರಿಯಿಡೀ ಮೆಷಿನ್‌ನಲ್ಲಿ ಮೊದಲು ಆಲ್ಕೊಹಾಲ್ ಹಾಕಿ ನೀರು ತೆಗೆಯುತ್ತೇವೆ, ಜೈಲೀನ್ ಹಾಕಿ ಆಲ್ಕೊಹಾಲ್ ತೆಗೆಯುತ್ತೇವೆ, ಕೊನೆಗೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಮೇಣ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಅಚ್ಚಿನಲ್ಲಿ ಹೊಯ್ದು ತಣ್ಣಗಾದ ಮೇಲೆ ಸಿಗುವ ಮೇಣದ ಬಿಲ್ಲೆಗೇ ಬ್ಲಾಕ್ ಅನ್ನುವುದು. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊಯ್ಯುವುದನ್ನು ನೀವು ಒಂದು ಸಲ ನೋಡಬೇಕು. ಬ್ಲಾಕನ್ನು ಐಸ್ ಮೇಲಿಟ್ಟು ತಣ್ಣಗೆ ಮಾಡಿ ಮೈಕ್ರೊಟೋಮ್‌ಗೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಬ್ಲೇಡಿನಿಂದ ರಿಬ್ಬನ್ ಹಾಗೆ ಮೇಣದ ಪಟ್ಟಿ ಇಳಿಯುತ್ತದೆ. ದಪ್ಪ 3ರಿಂದ 5 ಮೈಕ್ರಾನ್. ನಿಮ್ಮ ಒಂದು ತಲೆಕೂದಲಿನ ದಪ್ಪದಲ್ಲಿ ಇಂಥ ಹದಿನೈದಾದರೂ ಪದರ ಹಿಡಿಸುತ್ತವೆ. ನಮ್ಮ ಲ್ಯಾಬಿನ ಟೆಕ್ನಿಷಿಯನ್ ಆ ಹೊತ್ತಿನಲ್ಲಿ ಫ್ಯಾನ್ ಹಾಕಲು ಬಿಡುವುದಿಲ್ಲ, ಏಪ್ರಿಲ್ ತಿಂಗಳಲ್ಲೂ. ಯಾರಾದರೂ ಬಾಗಿಲು ಜೋರಾಗಿ ತೆಗೆದರೂ ಗುರ್ ಅನ್ನುತ್ತಾರೆ. ಆ ಪಟ್ಟಿಯನ್ನು ಬ್ರಷ್ ತುದಿಯಲ್ಲಿ ಎತ್ತಿ ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಸುಕ್ಕೆಲ್ಲ ಬಿಚ್ಚಿಕೊಂಡು ಹರಡುತ್ತದೆ. ಆಗ ಗಾಜಿನ ಸ್ಲೈಡನ್ನು ಕೆಳಗಿನಿಂದ ತೂರಿಸಿ ಹಾಲಿನ ಕೆನೆ ಎತ್ತಿದ ಹಾಗೆ ಎತ್ತಬೇಕು. ಅದನ್ನು ಒಣಗಿಸಿ, ಬಣ್ಣ ಹಾಕಿ ನನಗೆ ಕೊಡುತ್ತಾರೆ. ಓದು ಅಲ್ಲಿಂದ ಶುರು.

ಇನ್ನು ಆ ನಾಲ್ಕು ದಿನದ ವಿಷಯ. ಬಹುಶಃ ಐಎಚ್‌ಸಿ ಮಾಡುತ್ತಿದ್ದಾರೆ, ಅಂದರೆ ಕೋಶಗಳಲ್ಲಿ ಇಂಥ ಪ್ರೋಟೀನ್ ಇದೆಯಾ ಅಂತ ವಿಶೇಷ ಬಣ್ಣ ಬರಿಸಿ ನೋಡುವ ಪರೀಕ್ಷೆ. ಎದೆಯ ಗಂಟಿಗೆ ಇಆರ್, ಪಿಆರ್, ಹರ್-2 ಅಂತ ಮೂರು ಪರೀಕ್ಷೆ ಇರುತ್ತದೆ. ಯಾವ ಔಷಧ ನಾಟುತ್ತದೆ ಅನ್ನುವುದು ಅದರಿಂದಲೇ ಗೊತ್ತಾಗುವುದು. ಸುಳ್ಳು ಹೇಳುವುದಿಲ್ಲ, ಈ ಮೂರನ್ನು ಸಾಮಾನ್ಯವಾಗಿ ಕ್ಯಾನ್ಸರ್ ಕಂಡ ಮೇಲೇ ಮಾಡುವುದು. ಆದರೆ ದಿನ ಜಾಸ್ತಿ ಕೇಳಿದರು ಅಂದ ಮಾತ್ರಕ್ಕೆ ಅದೇ ಅಂತಲ್ಲ. ಬ್ಲಾಕನ್ನು ಇನ್ನೂ ಆಳಕ್ಕೆ ಕೊಯ್ದು ನೋಡಬೇಕಾಗಿರಬಹುದು, ಇನ್ನೊಬ್ಬರ ಕಣ್ಣಿಗೂ ಹಾಕಬೇಕು ಅಂತ ಅನಿಸಿರಬಹುದು. ಸುಮ್ನೆ ಕೂತು ಊಹೆ ಮಾಡಬೇಡಿ. ಲ್ಯಾಬಿಗೆ ಹೋಗಿ, 'ಯಾಕೆ ತಡ, ಐಎಚ್‌ಸಿಗೆ ಹಾಕಿದ್ದೀರಾ?' ಅಂತ ನೇರ ಕೇಳಿ.

ಪ್ರಶ್ನೆ: ಗಡ್ಡೆಗೆ ಸೂಜಿ ಚುಚ್ಚಿದರೆ ಅದು ಕೆರಳಿ ಮೈಯೆಲ್ಲ ಹರಡುತ್ತದಂತೆ. ನಮ್ಮ ಚಿಕ್ಕಪ್ಪನಿಗೆ ಬಯಾಪ್ಸಿ ಆದ ಮೂರೇ ತಿಂಗಳಿಗೆ ಹೋಗಿಬಿಟ್ಟರು. ಈಗ ಅಮ್ಮನಿಗೆ ಮಾಡಿಸಲು ಅಪ್ಪ ಒಪ್ಪುತ್ತಿಲ್ಲ. – ಗದಗ

ಈ ಮಾತು ನನಗೆ ವಾರಕ್ಕೊಮ್ಮೆಯಾದರೂ ಕೇಳಿಸುತ್ತದೆ. ನಿಮ್ಮ ಚಿಕ್ಕಪ್ಪನ ವಿಷಯ ನನಗೆ ಗೊತ್ತಿಲ್ಲ, ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ: ಗಡ್ಡೆ ಬಂದು ವರ್ಷವಾಗಿರುತ್ತದೆ, ನಾಟಿ ಔಷಧ, ಹರಕೆ, ಲೇಪ ಎಲ್ಲ ಮುಗಿದು, ಊಟ ಸೇರುವುದಿಲ್ಲ ಅಂದ ಮೇಲೆ ದೊಡ್ಡಾಸ್ಪತ್ರೆಗೆ ಬರುತ್ತಾರೆ, ಅಷ್ಟೊತ್ತಿಗೆ ಅದು ಹರಡಿಯೇ ಇರುತ್ತದೆ. ಕೊನೆಗೆ ನೆನಪಿನಲ್ಲಿ ಉಳಿಯುವುದು ಸೂಜಿ ಮಾತ್ರ. ಅಪರಾಧವೂ ಸೂಜಿಯ ತಲೆಗೇ ಬರುತ್ತದೆ.

ಸೂಜಿ ಹೋದ ದಾರಿಯಲ್ಲಿ ಕೆಲವು ಕೋಶಗಳು ಉದುರಿ ಬೆಳೆಯುವುದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಆದರೆ ಬಹಳ ಅಪರೂಪ. ಆ ಅಪರೂಪಕ್ಕೂ ವೈದ್ಯರು ಲೆಕ್ಕ ಇಟ್ಟುಕೊಂಡಿರುತ್ತಾರೆ. ವೃಷಣದ ಗಡ್ಡೆಗೆ ಚೀಲದ ಮೇಲಿಂದ ಸೂಜಿ ಹಾಕುವುದಿಲ್ಲ, ತೊಡೆಸಂದಿಯ ಕಡೆಯಿಂದ ಇಡೀ ವೃಷಣವನ್ನೇ ತೆಗೆದು ಕಳಿಸುತ್ತಾರೆ. ಲಿವರ್ ಸಿರೋಸಿಸ್ ಇರುವವರ ಲಿವರ್ ಗಡ್ಡೆಯನ್ನು ಎಷ್ಟೋ ಸಲ ಸ್ಕ್ಯಾನ್ ಮೇಲೆಯೇ ತೀರ್ಮಾನಿಸುತ್ತಾರೆ. ಮೂಳೆ, ಮಾಂಸಖಂಡದ ಗಡ್ಡೆಗಳಿಗೆ ಸೂಜಿ ಯಾವ ದಾರಿಯಲ್ಲಿ ಹೋಗಬೇಕು ಅಂತ ಆಪರೇಷನ್ ಮಾಡುವ ಡಾಕ್ಟರೇ ಮೊದಲು ಗುರುತು ಹಾಕುತ್ತಾರೆ, ಮುಂದೆ ಗಡ್ಡೆಯ ಜೊತೆ ಆ ದಾರಿಯನ್ನೂ ಕೊಯ್ದು ತೆಗೆಯಲು. ಅಮ್ಮನಿಗೆ ಇಂಥ ಯಾವುದೂ ಅಲ್ಲದಿದ್ದರೆ ಅಪ್ಪನ ಭಯಕ್ಕೆ ಕಾರಣ ಇಲ್ಲ.

ಅಪ್ಪನಿಗೆ ಇನ್ನೊಂದು ಮಾತು ಹೇಳಿ. ಸ್ಕ್ಯಾನ್ ತೋರಿಸುವುದು ನೆರಳನ್ನು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಅಂತ ಎಲ್ಲರೂ ಕೈಚೆಲ್ಲಿದ್ದ ಗಡ್ಡೆ ತುಂಡಿನಲ್ಲಿ ಟಿಬಿ ಅಂತ ಬಂದದ್ದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಆರು ತಿಂಗಳ ಮಾತ್ರೆಗೆ ಹೋಗುವ ಕಾಯಿಲೆ! ನಿಜವಾಗಿ ಎಚ್ಚರ ಬೇಕಾದದ್ದು ರಕ್ತಸ್ರಾವದ ಬಗ್ಗೆ. ಅಮ್ಮ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವೇ ನಿಲ್ಲಿಸಬೇಡಿ, ಯಾವಾಗ ನಿಲ್ಲಿಸಬೇಕು ಅಂತ ಅವರು ಹೇಳಲಿ.

ಪ್ರಶ್ನೆ: ಥೈರಾಯ್ಡ್ ಗಂಟಿಗೆ ಎಫ್‌ಎನ್‌ಎಸಿ ಮಾಡಿಸಿದೆ. ಈಗ ಅರ್ಧ ಥೈರಾಯ್ಡ್ ತೆಗೆದು ನೋಡೋಣ ಅಂತಾರೆ. ಸೂಜಿಯಲ್ಲಿ ಗೊತ್ತಾಗದಿದ್ದರೆ ಅದನ್ನು ಮಾಡಿದ್ದೇಕೆ? ದುಡ್ಡಿಗಾ? – ಸಕಲೇಶಪುರ

ಸಿಟ್ಟು ಅರ್ಥವಾಗುತ್ತದೆ. ಎಫ್‌ಎನ್‌ಎಸಿ ಅಂದರೆ ಸಣ್ಣ ಸೂಜಿ, ಸಾಮಾನ್ಯವಾಗಿ 22ರಿಂದ 25 ಗೇಜ್, ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಣ್ಣದು. ಅದರಲ್ಲಿ ಬರುವುದು ಬಿಡಿ ಬಿಡಿ ಕೋಶಗಳು. ಬಯಾಪ್ಸಿಯಲ್ಲಿ ಬರುವುದು ತುಂಡು, ಕೋಶಗಳು ಹೇಗೆ ಸಾಲಾಗಿ ನಿಂತಿವೆ, ಎಲ್ಲಿ ಗೋಡೆ ಇದೆ ಅನ್ನುವುದರ ಸಮೇತ.

ನಿಮ್ಮೂರಿನ ಉದಾಹರಣೆಯೇ ಕೊಡುತ್ತೇನೆ. ಒಂದು ಹಿಡಿ ಕಾಳುಮೆಣಸು ಕೈಗೆ ಕೊಟ್ಟರೆ ಜೊಳ್ಳೋ ಗಟ್ಟಿಯೋ, ಬೂಸು ಹಿಡಿದಿದೆಯೋ ಅಂತ ನೀವು ಥಟ್ಟನೆ ಹೇಳುತ್ತೀರಿ. ಆದರೆ ಆ ಬಳ್ಳಿ ಬೇಲಿ ದಾಟಿ ಪಕ್ಕದವರ ತೋಟಕ್ಕೆ ಹಬ್ಬಿದೆಯಾ ಅಂತ ಕಾಳು ನೋಡಿ ಹೇಳೋಕಾಗುತ್ತಾ? ಥೈರಾಯ್ಡಿನಲ್ಲಿ ಫಾಲಿಕ್ಯುಲರ್ ಅನ್ನುವ ಜಾತಿಯ ಗಂಟು ಹೀಗೇ. ಸಾಧುವಾದದ್ದಕ್ಕೂ ಕ್ಯಾನ್ಸರಿಗೂ ಕೋಶಗಳು ನೋಡಲು ಒಂದೇ ತರ. ಗಂಟಿನ ಸುತ್ತ ಇರುವ ಪೊರೆಯನ್ನೋ ರಕ್ತನಾಳವನ್ನೋ ದಾಟಿದೆಯಾ ಅನ್ನುವುದೇ ವ್ಯತ್ಯಾಸ. ಅದನ್ನು ನೋಡಬೇಕಾದರೆ ಗಂಟು ಪೂರ್ತಿ ಬೇಕು, ಪೊರೆಯ ಸುತ್ತಲೂ ಕೊಯ್ದು ನೋಡಬೇಕು. ನಿಮ್ಮ ರಿಪೋರ್ಟಿನಲ್ಲಿ 'ಫಾಲಿಕ್ಯುಲರ್ ನಿಯೋಪ್ಲಾಸಂ' ಅಂತ ಇದೆಯಾ ನೋಡಿ. ಇದ್ದರೆ ಡಾಕ್ಟರ್ ಹೇಳಿದ್ದು ಸರಿ. ಇನ್ನು ಸೂಜಿ ದಂಡವಾಗಲಿಲ್ಲ. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ತೊಂದರೆ ಇಲ್ಲದವು, ಅವರನ್ನೆಲ್ಲ ಆಪರೇಷನ್‌ನಿಂದ ತಪ್ಪಿಸುವುದು ಈ ಕಡಿಮೆ ಖರ್ಚಿನ ಸೂಜಿಯೇ. ನೀವು ಆ ಗುಂಪಿಗೆ ಸೇರಲಿಲ್ಲ ಅಷ್ಟೇ.

ಪ್ರಶ್ನೆ: ಮಗನ ಕತ್ತಿನ ಗಂಟು ತೆಗೆದರು. ಟಿಬಿ ಇರಬಹುದು ಅಂತ ಅನುಮಾನ. ಈಗ ಫಿಜಿಷಿಯನ್ ಕಲ್ಚರ್ ಬೇಕು ಅಂತಾರೆ, ಲ್ಯಾಬಿನವರು ಆಗಲ್ಲ ಅಂತಾರೆ. ಗಂಟು ಅವರ ಹತ್ತಿರವೇ ಇದೆಯಲ್ಲ? – ರಾಯಚೂರು

ಇದೆ, ಆದರೆ ಫಾರ್ಮಲಿನ್‌ನಲ್ಲಿದೆ. ಕಲ್ಚರ್ ಅಂದರೆ ತುಂಡಿನಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಫಾರ್ಮಲಿನ್ ತುಂಡನ್ನು ಉಳಿಸುತ್ತದೆ, ಅದರೊಳಗಿನ ರೋಗಾಣುವನ್ನು ಕೊಲ್ಲುತ್ತದೆ. ಸತ್ತ ಬೀಜ ಬಿತ್ತಿದರೆ ಮೊಳಕೆ ಬರುತ್ತಾ? ಟಿಬಿ ಅನುಮಾನ ಇದ್ದರೆ ಗಂಟನ್ನು ಎರಡು ಮಾಡಬೇಕಿತ್ತು. ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಬರೀ ಸಲೈನ್ ಬಾಟಲಿಗೆ, ಕಲ್ಚರ್‌ಗೆ ಮತ್ತು ಜೀನ್‌ಎಕ್ಸ್‌ಪರ್ಟ್‌ಗೆ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ). ಇದು ಆಪರೇಷನ್ ಥಿಯೇಟರಿನಲ್ಲಿ ಒಂದು ನಿಮಿಷದ ಕೆಲಸ, ಮರೆತರೆ ಹೀಗಾಗುತ್ತದೆ. ಇನ್ನು ಮುಂದೆ ಯಾರಿಗಾದರೂ ಗಂಟು ತೆಗೆಯುತ್ತಿದ್ದರೆ ಮೊದಲೇ ಕೇಳಿ: 'ಸರ್, ಕಲ್ಚರ್‌ಗೂ ಕಳಿಸಬೇಕಾ?' ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಕೇಳಿ.

ಆದರೆ ಎಲ್ಲ ಮುಗಿದಿಲ್ಲ. ಟಿಬಿ ಗಂಟು ಸ್ಲೈಡಿನಲ್ಲಿ ತನ್ನ ಗುರುತು ಬಿಟ್ಟಿರುತ್ತದೆ. ಕೋಶಗಳು ಗುಂಪುಗೂಡಿ ಗಂಟು ಕಟ್ಟಿರುತ್ತವೆ, ಅದಕ್ಕೆ ಗ್ರ್ಯಾನುಲೋಮಾ ಅಂತಾರೆ. ನಡುವೆ ಕೊಳೆತ ಭಾಗ, ಬರಿಗಣ್ಣಿಗೆ ಪುಡಿಯಾದ ಗಿಣ್ಣಿನ ಹಾಗೆ ಕಾಣುತ್ತದೆ. ಜೆಡ್‌ಎನ್ ಅನ್ನುವ ಬಣ್ಣ ಹಾಕಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳ ಹಾಗೆ ರೋಗಾಣು ಕಾಣಬಹುದು. ಕಾಣದಿದ್ದರೆ ಟಿಬಿ ಅಲ್ಲ ಅಂತಲ್ಲ, ಗಂಟಿನಲ್ಲಿ ಅವು ಕಡಿಮೆ ಇರುತ್ತವೆ. ಮಗನಿಗೆ ಕತ್ತಿನಲ್ಲಿ ಇನ್ನೊಂದು ಗಂಟು ಇದ್ದರೆ ಸೂಜಿ ಹಾಕಿ ಆ ರಸವನ್ನೇ ಜೀನ್‌ಎಕ್ಸ್‌ಪರ್ಟ್‌ಗೆ ಕಳಿಸಬಹುದು. ಫಿಜಿಷಿಯನ್ ಹತ್ತಿರ ಇದನ್ನು ಕೇಳಿ ನೋಡಿ.

ಬಾಟಲಿ ಮಾತು ಬಂತಲ್ಲ, ನನ್ನ ಹೊಟ್ಟೆನೋವೂ ಹೇಳಿಬಿಡುತ್ತೇನೆ. ಒಂದು ನರ್ಸಿಂಗ್ ಹೋಮಿನಿಂದ ನಿಂಬೆಹಣ್ಣಿನ ಗಾತ್ರದ ಗಡ್ಡೆಯೊಂದು ಸಣ್ಣ ಬಾಯಿಯ ಔಷಧಿ ಶೀಸೆಯಲ್ಲಿ ಬಂದಿತ್ತು. ಹಾಕುವಾಗ ಮೆತ್ತಗಿತ್ತು, ಒತ್ತಿ ತುರುಕಿದ್ದರು. ನಮ್ಮ ಹತ್ತಿರ ಬರುವಷ್ಟರಲ್ಲಿ ಮೇಲ್ಮೈ ಕಲ್ಲಿನಂತೆ ಗಟ್ಟಿ, ತಲೆಕೆಳಗೆ ಮಾಡಿದರೂ ಹೊರಗೆ ಬರುವುದಿಲ್ಲ. ಕೊನೆಗೆ ಬಟ್ಟೆ ಸುತ್ತಿ ಶೀಸೆಯನ್ನೇ ಒಡೆದೆವು. ಒಳಗೆ ಫಾರ್ಮಲಿನ್ ಇಳಿದೇ ಇರಲಿಲ್ಲ, ನಡುಭಾಗ ಕೊಳೆತು ಹೋಗಿತ್ತು. ತುಂಡಿನ ಹತ್ತರಷ್ಟಾದರೂ ಫಾರ್ಮಲಿನ್ ಇರಬೇಕು, ಬಾಟಲಿಯ ಬಾಯಿ ಅಗಲ ಇರಬೇಕು. ಅದರ ಜೊತೆ ಬಂದಿದ್ದ ಫಾರ್ಮಿನಲ್ಲಿ ಬರೆದಿದ್ದದ್ದು ಒಂದೇ ಪದ: 'ಗಡ್ಡೆ?' ವಯಸ್ಸಿಲ್ಲ, ಮೈಯಲ್ಲಿ ಎಲ್ಲಿಂದ ತೆಗೆದದ್ದು ಅಂತಿಲ್ಲ. ಆ ಪ್ರಶ್ನಾರ್ಥಕ ಚಿಹ್ನೆ ಯಾರಿಗೆ ಕೇಳಿದ್ದೋ!

ಪ್ರಶ್ನೆ: ತಂದೆಗೆ ಪ್ರಾಸ್ಟೇಟ್ ಬಯಾಪ್ಸಿಯಲ್ಲಿ 'ಗ್ಲೀಸನ್ 3+3=6' ಅಂತ ಬಂದಿದೆ. ಹತ್ತಕ್ಕೆ ಆರು ಅಂದರೆ ಅರ್ಧಕ್ಕಿಂತ ಜಾಸ್ತಿ ಹರಡಿದೆಯಾ? ಗ್ರೇಡ್, ಸ್ಟೇಜ್ ಎರಡೂ ಒಂದೇನಾ? – ಮಂಡ್ಯ

ಒಂದೇ ಅಲ್ಲ, ಗಾಬರಿಯಾಗಬೇಡಿ. ಗ್ರೇಡ್ ಅಂದರೆ ಕಳ್ಳ ಎಷ್ಟು ಕೆಟ್ಟವನು, ಸ್ಟೇಜ್ ಅಂದರೆ ಎಷ್ಟು ಮನೆಗೆ ನುಗ್ಗಿದ್ದಾನೆ. ಮೊದಲನೆಯದು ನಾನು ಮೈಕ್ರೊಸ್ಕೋಪಿನಲ್ಲಿ ಹೇಳುವುದು, ಎರಡನೆಯದಕ್ಕೆ ಸ್ಕ್ಯಾನ್ ಎಲ್ಲ ಸೇರಬೇಕು.

ಗ್ಲೀಸನ್ ಲೆಕ್ಕ ಸ್ವಲ್ಪ ಮೋಸದ್ದು. ಡೊನಾಲ್ಡ್ ಗ್ಲೀಸನ್ ಅನ್ನುವ ಅಮೆರಿಕದ ಪೆಥಾಲಜಿಸ್ಟ್ 1966ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಗ್ರಂಥಿಗಳ ನೋಟಕ್ಕೆ 1ರಿಂದ 5ರವರೆಗೆ ಅಂಕ ಕೊಟ್ಟು, ಎದ್ದು ಕಾಣುವ ಎರಡನ್ನು ಕೂಡಿಸುವ ಪದ್ಧತಿ ತಂದ. ಈಗ ಬಯಾಪ್ಸಿಯಲ್ಲಿ 1, 2 ಅಂತ ಕೊಡುವ ರೂಢಿಯೇ ಹೋಗಿದೆ. ಹಾಗಾಗಿ 3+3, ಅಂದರೆ 6, ನೀವು ಪಡೆಯಬಹುದಾದ ಅತಿ ಕಡಿಮೆ ಅಂಕ. ಕೆಳಗೆಲ್ಲೋ 'ಗ್ರೇಡ್ ಗ್ರೂಪ್ 1' ಅಂತ ಬರೆದಿರುತ್ತಾರೆ, ಹುಡುಕಿ. ಈ ಗೊಂದಲ ತಪ್ಪಿಸುವುದಕ್ಕೇ ಅದನ್ನು ಆಮೇಲೆ ಸೇರಿಸಿದ್ದು. ಇಂಥವರಲ್ಲಿ ಎಷ್ಟೋ ಜನಕ್ಕೆ ತಕ್ಷಣ ಆಪರೇಷನ್ ಇಲ್ಲದೆ ಪಿಎಸ್‌ಎ ಅನ್ನುವ ಪ್ರಾಸ್ಟೇಟಿನ ರಕ್ತ ಪರೀಕ್ಷೆ ನೋಡುತ್ತಾ, ಆಗಾಗ ಮತ್ತೆ ಬಯಾಪ್ಸಿ ಮಾಡುತ್ತಾ ಕಾಯುವುದೂ ಒಂದು ದಾರಿ. ಯುರಾಲಜಿಸ್ಟ್ ಹತ್ತಿರ ಅದನ್ನು ಕೇಳದೆ ಬರಬೇಡಿ.

ಮಂಡ್ಯದವರೇ ಇನ್ನೊಂದೂ ಕೇಳಿದ್ದಾರೆ, ರಿಪೋರ್ಟುಗಳಲ್ಲಿ 'ಸಜೆಸ್ಟಿವ್ ಆಫ್' ಅಂತ ಯಾಕೆ ಜಾರಿಕೊಳ್ಳುತ್ತೀರಿ ಅಂತ. ಕೆಲವೊಮ್ಮೆ ಜಾರಿಕೊಳ್ಳುವುದೂ ಉಂಟು, ಒಪ್ಪುತ್ತೇನೆ. ಆದರೆ ಹೆಚ್ಚಿನ ಸಲ ಅದರರ್ಥ: ತುಂಡು ಇಷ್ಟು ಹೇಳುತ್ತಿದೆ, ಉಳಿದದ್ದನ್ನು ನಿಮ್ಮ ಡಾಕ್ಟರ್ ರೋಗಿಯನ್ನು ನೋಡಿ ಹೊಂದಿಸಿಕೊಳ್ಳಲಿ. ಮೂಳೆ ಗಡ್ಡೆಯನ್ನಂತೂ ಎಕ್ಸ್‌ರೇ ನೋಡದೆ ನಾನು ರಿಪೋರ್ಟ್ ಮಾಡುವುದೇ ಇಲ್ಲ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಎಲೆಅಡಿಕೆ ಅಭ್ಯಾಸ, ತಂಬಾಕು ಹಾಕಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಡೆಂಟಿಸ್ಟ್ ಮತ್ತೆ ಬಯಾಪ್ಸಿ ಬೇಕು ಅಂತಾರೆ. ಇಲ್ಲ ಅಂದಮೇಲೆ ಮುಗೀತಲ್ಲ? – ಸಾಗರ

ಮುಗಿಯಲಿಲ್ಲ. ನಾನು ನೋಡಿದ ತುಂಡಿನಲ್ಲಿ ಇಲ್ಲ ಅಂತಷ್ಟೇ ಅದರ ಅರ್ಥ. ಮಚ್ಚೆ ಎರಡು ಸೆಂಟಿಮೀಟರ್ ಇರುತ್ತದೆ, ತುಂಡು ನಾಲ್ಕು ಮಿಲಿಮೀಟರ್. ತೀರಾ ಮೇಲಿಂದ ಕೆರೆದು ತೆಗೆದಿದ್ದರೆ ಕೆಳಗೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ. ಕೆಂಪಾದ ಜಾಗ, ಹುಣ್ಣಾದ ಜಾಗ, ಗಟ್ಟಿಯಾದ ಅಂಚು, ಇಂಥ ಕಡೆಯಿಂದ ತೆಗೆಯಬೇಕು. ಡೆಂಟಿಸ್ಟ್ ಕಣ್ಣಿಗೆ ಏನೋ ಸರಿ ಕಾಣದೆ ಮತ್ತೆ ಕೇಳುತ್ತಿದ್ದಾರೆ ಅಂದರೆ ಅವರು ಒಳ್ಳೆಯ ಡೆಂಟಿಸ್ಟ್.

ಮೊದಲ ರಿಪೋರ್ಟಿನಲ್ಲಿ 'ಡಿಸ್‌ಪ್ಲೇಸಿಯಾ' ಅನ್ನುವ ಪದ ಇದೆಯಾ ನೋಡಿ. ಅದು ಕ್ಯಾನ್ಸರ್ ಅಲ್ಲ, ಆ ಕಡೆಗೆ ಮುಖ ಮಾಡಿದ ಕೋಶಗಳು. ತಂಬಾಕು ಇಲ್ಲ ಅನ್ನುವ ಧೈರ್ಯ ಬೇಡ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ನಿಮ್ಮೂರಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ ಅಂತ ಗೊತ್ತು. ನಮ್ಮ ತವರೂ ಅಡಿಕೆ ತೋಟದ ಮನೆಯೇ.

ಪ್ರಶ್ನೆ: ಬಯಾಪ್ಸಿ ಅನ್ನುವ ಹೆಸರು ಯಾರು ಇಟ್ಟಿದ್ದು ಮೇಡಂ? ಫೋಟೊಗಳಲ್ಲಿ ಎಲ್ಲ ಗುಲಾಬಿ, ನೇರಳೆ ಯಾಕೆ? – ಪಿಯುಸಿ ವಿದ್ಯಾರ್ಥಿನಿ, ವಿಜಯಪುರ

ಫ್ರಾನ್ಸಿನ ಚರ್ಮರೋಗ ವೈದ್ಯ ಅರ್ನೆಸ್ಟ್ ಬೆನಿಯೆ, 1879ರಲ್ಲಿ. ಗ್ರೀಕ್‌ನಲ್ಲಿ ಬಯೋಸ್ ಅಂದರೆ ಜೀವ, ಆಪ್ಸಿಸ್ ಅಂದರೆ ನೋಟ. ಬಣ್ಣ ನಾವು ಹಾಕಿದ್ದು ಮರಿ, ತುಂಡಿಗೆ ಸ್ವಂತ ಬಣ್ಣವೇ ಇರುವುದಿಲ್ಲ, ಗಾಜಿನ ಮೇಲೆ ನೀರು ಒಣಗಿದ ಕಲೆಯಂತೆ ಕಾಣುತ್ತದೆ. ಹಿಮಟಾಕ್ಸಿಲಿನ್ ನ್ಯೂಕ್ಲಿಯಸ್ಸನ್ನು ನೀಲಿ ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಮೊದಲನೆಯದು ಮೆಕ್ಸಿಕೊ ಕಡೆಯ ಒಂದು ಮರದ ತಿರುಳಿನಿಂದ ಬರುವ ಬಣ್ಣ, ಹಿಂದೆ ಬಟ್ಟೆಗೆ ಹಾಕುತ್ತಿದ್ದರು.

ಪ್ರಶ್ನೆ: ಆಪರೇಷನ್ ನಡೆಯುವಾಗಲೇ ಇಪ್ಪತ್ತು ನಿಮಿಷದಲ್ಲಿ ರಿಪೋರ್ಟ್ ಕೊಡುತ್ತಾರಂತೆ. ಹಾಗಾದರೆ ಎಲ್ಲರಿಗೂ ಅದನ್ನೇ ಮಾಡಬಹುದಲ್ಲ? – ಮೈಸೂರು

ಅದು ಫ್ರೋಜನ್ ಸೆಕ್ಷನ್. ಮೇಣದ ಬದಲು ತುಂಡನ್ನು ಮೈನಸ್ 20 ಡಿಗ್ರಿ ಹತ್ತಿರ ಹೆಪ್ಪುಗಟ್ಟಿಸಿ ಕೊಯ್ಯುತ್ತೇವೆ. ಬೇಗ ಆಗುತ್ತದೆ, ಆದರೆ ಚಿತ್ರ ಮಸುಕು. ಕೊಬ್ಬು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಮೂಳೆಯನ್ನು ಕೊಯ್ಯೋಕೇ ಆಗಲ್ಲ. 'ಅಂಚಿನಲ್ಲಿ ಗಡ್ಡೆ ಉಳಿದಿದೆಯಾ, ಇನ್ನೂ ತೆಗೆಯಬೇಕಾ' ಅಂತ ಸರ್ಜನ್ ಕೈ ತಡೆದು ನಿಂತಿರುವಾಗ ಮಾತ್ರ ಅದು. ಸುಮ್ನೆ ಬೇಗ ತಿಳಿಯಲಿ ಅಂತ ಮಾಡಿಸಿದರೆ ಇದ್ದ ತುಂಡೂ ಹಾಳಾಗಬಹುದು.

ಪ್ರಶ್ನೆ: ನನ್ನ ಗರ್ಭಕೋಶ ತೆಗೆದು ಲ್ಯಾಬಿಗೆ ಕಳಿಸಿದ್ದರು. ಉಳಿದದ್ದನ್ನು ಏನು ಮಾಡುತ್ತೀರಿ? ಕೇಳಬಾರದಿತ್ತೋ ಏನೋ. – ಉಡುಪಿ

ಕೇಳಬೇಕಾದ್ದೇ ಅಮ್ಮ, ನಿಮ್ಮದೇ ಅಲ್ವಾ ಅದು. ಇಡೀ ಗರ್ಭಕೋಶವನ್ನು ಮೇಣಕ್ಕೆ ಹಾಕುವುದಿಲ್ಲ, ನೋಡಬೇಕಾದ ಕಡೆಯಿಂದ ಸಣ್ಣ ಸಣ್ಣ ತುಂಡು ತೆಗೆಯುತ್ತೇವೆ. ಉಳಿದದ್ದು ರಿಪೋರ್ಟ್ ಆದ ಮೇಲೂ ಕೆಲವು ವಾರ ಫಾರ್ಮಲಿನ್‌ನಲ್ಲೇ ಇರುತ್ತದೆ, ಡಾಕ್ಟರ್ ಮತ್ತೆ ನೋಡಿ ಅಂದರೆ ಬೇಕಲ್ಲ. ಆಮೇಲೆ ಹಳದಿ ಚೀಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದ ಪ್ರಕಾರ ಅದನ್ನು ಸುಡಲು ಕಳಿಸುತ್ತಾರೆ. ತಿಪ್ಪೆಗೆ ಹೋಗುವುದಿಲ್ಲ. ಮೇಣದ ಬ್ಲಾಕುಗಳು ಮಾತ್ರ ನಿಮ್ಮ ನಂಬರ್ ಹೊತ್ತು ವರ್ಷಗಟ್ಟಲೆ ನಮ್ಮ ಕಪಾಟಿನಲ್ಲಿ ಇರುತ್ತವೆ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಇಲ್ಲಿ ಬಯಾಪ್ಸಿ ಆಯಿತು. ಬೆಂಗಳೂರಿನಲ್ಲಿ ಇನ್ನೊಂದು ಅಭಿಪ್ರಾಯ ಬೇಕು. ರಿಪೋರ್ಟನ್ನು ವಾಟ್ಸಾಪ್ ಮಾಡಿದರೆ ಸಾಕಾ?

ಸಾಲದು. ರಿಪೋರ್ಟ್ ಅನ್ನುವುದು ಇನ್ನೊಬ್ಬರು ನೋಡಿ ಬರೆದದ್ದು, ಅದನ್ನೇ ಓದಿ ನಾವು ಹೊಸದಾಗಿ ಏನು ಹೇಳೋಣ? ಸ್ಲೈಡ್ ಬೇಕು, ಅದಕ್ಕಿಂತ ಬ್ಲಾಕ್ ಬೇಕು. ಬ್ಲಾಕ್ ಇದ್ದರೆ ಹೊಸದಾಗಿ ಕೊಯ್ದು, ಬೇರೆ ಬಣ್ಣ ಹಾಕಿ, ಐಎಚ್‌ಸಿ ಮಾಡಿ ನೋಡಬಹುದು. ಅಲ್ಲಿಯ ಲ್ಯಾಬಿಗೆ ಒಂದು ಅರ್ಜಿ ಬರೆದು ಕೇಳಿ, ಎರಡರ ಮೇಲೂ ಇರುವ ನಂಬರ್ ರಿಪೋರ್ಟಿನ ನಂಬರಿಗೆ ಸರಿಹೊಂದುತ್ತದಾ ಅಂತ ಅಲ್ಲೇ ನಿಂತು ನೋಡಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸುವುದಾದರೂ ಮೊದಲು ಕೇಳುವುದು ಇದನ್ನೇ. ಸ್ಕ್ಯಾನ್ ರಿಪೋರ್ಟ್, ಮೊದಲ ಬಯಾಪ್ಸಿ ರಿಪೋರ್ಟ್ ಜೊತೆಗಿರಲಿ, ನಾನು ಮೇಲೆ ಹೇಳಿದ 'ಗಡ್ಡೆ?' ಫಾರ್ಮಿನ ಕಥೆ ಆಗಬಾರದು. ಸ್ಲೈಡುಗಳು ಗಾಜಿನವು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲೇ ತನ್ನಿ. ಬ್ಲಾಕುಗಳು ಮೇಣದವು. ಮಸ್ಕತ್‌ನ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ನಮಾಜು, ಊಟ, ಶಾಪಿಂಗ್ ಅಂತ ಹೋದರೆ ಬರುವಷ್ಟರಲ್ಲಿ ಮೇಣ ಮೆತ್ತಗಾಗಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಪ್ಲೇನ್ ಹತ್ತುವವರೆಗೆ ಎಸಿ ರೂಮಿನಲ್ಲೇ ಇಟ್ಟಿರಿ.